ಮೆಳ್ಳೆಗಣ್ಣಿನ ಮಕ್ಕಳು ಮತ್ತು ಅವರ ಮನಸ್ಸು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಕಣ್ಣಿನ ತಪಾಸಣಾ ತಂಡದವರು ಮಾಡಿದ ಭಾಷಣದ ಬರಹರೂಪ)



ಹಾಲು ಉತ್ಪಾದಕರ ಸಹಕಾರ ಸಂಘವೊಂದು ಒಡೆಯದೆ, ಬಾಗಿಲು ಹಾಕದೆ ಇಪ್ಪತ್ತೈದು ವರ್ಷ ನಡೆಯುವುದು ಸಣ್ಣ ಮಾತಲ್ಲ. ಅದಕ್ಕಾಗಿ ನಿಮಗೆಲ್ಲ ನಮ್ಮ ಅಭಿನಂದನೆಗಳು. ನಿಮ್ಮ ಕಾರ್ಯದರ್ಶಿಗಳು ನಮ್ಮನ್ನು ಕರೆಯಲು ಬಂದಾಗ, "ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಇವುಗಳ ಬಗ್ಗೆ ನಾಲ್ಕು ಮಾತು ಹೇಳಿ ಸಾಕು" ಎಂದಿದ್ದರು. ಪೊರೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಕೇಳಿ ಕೇಳಿ ನಿಮಗೂ ಬಾಯಿಪಾಠ ಆಗಿದೆ. ಅವರ ಅಪ್ಪಣೆ ಪಡೆದು ನಾವು ಇವತ್ತು ಬೇರೆ ವಿಷಯ ತೆಗೆದುಕೊಂಡಿದ್ದೇವೆ. ಮೆಳ್ಳೆಗಣ್ಣು. ಕೆಲವರು ಮಾಲುಗಣ್ಣು ಅಂತೀರಿ, ಆಸ್ಪತ್ರೆಯಲ್ಲಿ ಸ್ಕ್ವಿಂಟ್ ಅಂತಾರೆ. ಅದರಲ್ಲೂ ಕಣ್ಣಿಗಿಂತ ಹೆಚ್ಚಾಗಿ, ಆ ಕಣ್ಣಿನ ಹಿಂದೆ ಇರುವ ಮಗುವಿನ ಮನಸ್ಸಿನ ಬಗ್ಗೆ ಮಾತಾಡುತ್ತೇವೆ.

ಮೊದಲು ಕಣ್ಣಿನ ವಿಷಯ ಸ್ವಲ್ಪ ಹೇಳಿಬಿಡೋಣ. ಒಂದೊಂದು ಕಣ್ಣನ್ನೂ ಆರಾರು ಸಣ್ಣ ಸ್ನಾಯುಗಳು ಹಿಡಿದು ತಿರುಗಿಸುತ್ತವೆ. ಜೋಡೆತ್ತು ನೊಗ ಹೊತ್ತಂತೆ ಎರಡು ಕಣ್ಣೂ ಒಟ್ಟಿಗೆ ಒಂದೇ ಕಡೆ ನಡೆಯಬೇಕು. ಒಂದು ನೇರ ನಡೆದು ಇನ್ನೊಂದು ಮೂಗಿನ ಕಡೆಗೋ ಕಿವಿಯ ಕಡೆಗೋ ಎಳೆದರೆ ಅದು ಮೆಳ್ಳೆ. ಲೋಕದಲ್ಲಿ ನೂರು ಮಕ್ಕಳಿಗೆ ಸುಮಾರು ಎರಡರಿಂದ ನಾಲ್ಕು ಮಕ್ಕಳಿಗೆ ಇದು ಇರುತ್ತದೆ. ಅಂದರೆ ದೊಡ್ಡ ಶಾಲೆಯ ಪ್ರತಿಯೊಂದು ತರಗತಿಯಲ್ಲೂ ಒಬ್ಬರು ಇದ್ದರೆ ಆಶ್ಚರ್ಯವಿಲ್ಲ. ದೂರದೃಷ್ಟಿಯ ದೋಷ ಇರುವ ಮಗು ಹತ್ತಿರದ್ದನ್ನು ನೋಡಲು ಕಣ್ಣಿಗೆ ಬಹಳ ಶ್ರಮ ಕೊಡುತ್ತದೆ, ಆಗ ಕಣ್ಣು ಒಳಕ್ಕೆ ತಿರುಗುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದ ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ ಹೆಚ್ಚು.

ಗ್ರಹಣ ನೋಡಿದ್ದರಿಂದ ಬಂತು, ತೊಟ್ಟಿಲಿಗೆ ಗೊಂಬೆ ಹತ್ತಿರ ಕಟ್ಟಿದ್ದರಿಂದ ಬಂತು ಎನ್ನುವವರಿದ್ದಾರೆ. ಅದು ಸುಳ್ಳು. ಸುಳ್ಳು ಎಂದು ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತೇವೆ ಎಂದರೆ, ಈ ಮಾತಿನ ಹಿಂದೆ ಯಾವಾಗಲೂ ಒಬ್ಬ ಹೆಣ್ಣುಮಗಳು ಇರುತ್ತಾಳೆ. "ಬಸುರಿಯಾಗಿದ್ದಾಗ ಹೊರಗೆ ಹೋಗಬೇಡ ಅಂದ್ರೆ ಕೇಳಿದಳೇ?" ಎಂದು ಅತ್ತೆ ಹೇಳಿರುತ್ತಾರೆ. ತಾಯಿ ತಾನೇ ತಪ್ಪು ಮಾಡಿದೆ ಎಂದು ಒಳಗೊಳಗೇ ಕೊರಗುತ್ತಿರುತ್ತಾಳೆ. ಮಗುವನ್ನು ನಾಲ್ಕು ಜನರ ಮುಂದೆ ತರಲು ಹಿಂಜರಿಯುತ್ತಾಳೆ. ಆ ಹಿಂಜರಿಕೆ ಮಗುವಿಗೆ ತಿಳಿಯುತ್ತದೆ. ತಾಯಂದಿರೆ, ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ.

ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತಿರುಗಾಮುರುಗ. "ಮೆಳ್ಳೆಗಣ್ಣು ಅದೃಷ್ಟ ಸ್ವಾಮಿ, ಇವನು ಹುಟ್ಟಿದ ಮೇಲೇ ನಮಗೆ ಬೋರ್‌ನಲ್ಲಿ ನೀರು ಬಂದದ್ದು" ಎನ್ನುತ್ತಾರೆ. ಬೋರ್‌ನಲ್ಲಿ ನೀರು ಬಂದದ್ದು ಸಂತೋಷ. ಆದರೆ ಆ ಅದೃಷ್ಟದ ಹೆಸರಿನಲ್ಲಿ ಮಗುವಿನ ಒಂದು ಕಣ್ಣು ಹೋಗುತ್ತಿರುತ್ತದೆ. ಹೇಗೆ ಎಂದು ಕೇಳಿ. ಎರಡು ಕಣ್ಣು ಎರಡು ಕಡೆ ನೋಡಿದರೆ ಮಿದುಳಿಗೆ ಎರಡು ಚಿತ್ರ ಬರುತ್ತವೆ. ದೊಡ್ಡವರಿಗಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಚಿಕ್ಕ ಮಗುವಿನ ಮಿದುಳು ಮಾತ್ರ ಜಾಣತನ ಮಾಡಿ, ತಿರುಗಿದ ಕಣ್ಣಿನ ಚಿತ್ರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲಸ ಇಲ್ಲದ ಕಣ್ಣು ಮಂದವಾಗುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ದೃಷ್ಟಿ ಇರುವುದಿಲ್ಲ. ಮಗು ಹೇಳುವುದೂ ಇಲ್ಲ, ಯಾಕೆಂದರೆ ಇನ್ನೊಂದು ಕಣ್ಣಿನಲ್ಲಿ ಎಲ್ಲವೂ ಕಾಣುತ್ತಿರುತ್ತದೆ.

ಈಗ ಮನಸ್ಸಿನ ವಿಷಯಕ್ಕೆ ಬರೋಣ. ನಾವು ಹಳ್ಳಿ ಹಳ್ಳಿಗೆ ತಪಾಸಣೆಗೆ ಹೋಗುವವರು. ಅಂಗನವಾಡಿಗೆ ಹೋದರೆ ಮೆಳ್ಳೆಗಣ್ಣಿನ ಮಗು ಉಳಿದ ಮಕ್ಕಳ ಜೊತೆ ಕೇಕೆ ಹಾಕಿಕೊಂಡು ಆಡುತ್ತಿರುತ್ತದೆ. ನಮ್ಮ ಟಾರ್ಚ್ ಕಿತ್ತುಕೊಂಡು ನಮ್ಮ ಕಣ್ಣಿಗೇ ಬಿಡುತ್ತದೆ. ಅದೇ ಊರಿನ ಶಾಲೆಗೆ ಹೋಗಿ ನಾಲ್ಕನೆಯ ಕ್ಲಾಸಿನಲ್ಲಿ ನೋಡಿದರೆ, ಮೆಳ್ಳೆಗಣ್ಣಿನ ಮಗು ಕಡೆಯ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಹೆಸರು ಕೇಳಿದರೆ ನೆಲ ನೋಡಿಕೊಂಡು ಹೇಳುತ್ತದೆ. ಮಧ್ಯೆ ಏನಾಯಿತು?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯರು 3ರಿಂದ 12 ವರ್ಷದ 118 ಮಕ್ಕಳಿಗೆ ಅವಳಿಜವಳಿಗಳಂತೆ ಕಾಣುವ ಮಕ್ಕಳ ಚಿತ್ರಗಳನ್ನು ತೋರಿಸಿದರು. ಜೋಡಿಯಲ್ಲಿ ಎಲ್ಲವೂ ಒಂದೇ, ಒಬ್ಬರಿಗೆ ಮಾತ್ರ ಕಣ್ಣು ಮೆಳ್ಳೆ. "ನಿನ್ನ ಹುಟ್ಟುಹಬ್ಬಕ್ಕೆ ಇವರಲ್ಲಿ ಯಾರನ್ನು ಕರೀತೀಯ?" ಎಂದು ಕೇಳಿದರು. ಆರು ವರ್ಷಕ್ಕಿಂತ ಚಿಕ್ಕವರಿಗೆ ಕಣ್ಣು ಒಂದು ವಿಷಯವೇ ಆಗಿರಲಿಲ್ಲ. ಆರು ದಾಟಿದ ಮಕ್ಕಳು ಮಾತ್ರ ಮೆಳ್ಳೆಗಣ್ಣಿನವರನ್ನು ಕರೆಯುವುದು ಕಡಿಮೆಯಾಗಿತ್ತು. 2011ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಇದಕ್ಕೂ ಹಿಂದೆ ಅಮೆರಿಕದಲ್ಲಿ ಗೊಂಬೆಗಳನ್ನು ಕೊಟ್ಟು ನೋಡಿದಾಗಲೂ ಸುಮಾರು ಆರು ವರ್ಷದ ಹೊತ್ತಿಗೇ ಮಕ್ಕಳಲ್ಲಿ ಈ ಭೇದಭಾವ ಮೊಳೆಯುವುದು ಕಂಡುಬಂದಿತ್ತು.

ಆರು ವರ್ಷ ಅಂದರೆ ನಮ್ಮಲ್ಲಿ ಒಂದನೆಯ ಕ್ಲಾಸು. ಹುಟ್ಟುಹಬ್ಬಕ್ಕೆ ಕರೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಎಲ್ಲರ ಮನೆಯಲ್ಲೂ ಇಲ್ಲ, ಬಿಡಿ. ಆದರೆ ಕಬಡ್ಡಿಗೆ ತಂಡ ಕಟ್ಟುವಾಗ ಯಾರನ್ನು ಕೊನೆಗೆ ಕರೆಯುತ್ತಾರೆ, ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಯಾರನ್ನು ಹಿಂದೆ ನಿಲ್ಲಿಸುತ್ತಾರೆ, ಬಿಸಿಯೂಟಕ್ಕೆ ಯಾರ ಪಕ್ಕ ಯಾರೂ ಕೂರುವುದಿಲ್ಲ, ಇದನ್ನು ಗಮನಿಸಿದರೆ ಸಾಕು. ಹೆಸರಿಟ್ಟುಕೊಂಡು ಕರೆಯುವ ತಂದೆತಾಯಿ ಮನೆಯಲ್ಲಿರುತ್ತಾರೆ, ಶಾಲೆಯಲ್ಲಿ ಆ ಹೆಸರು ಹೋಗಿ 'ಮೆಳ್ಳ', 'ಮೆಳ್ಳಿ' ಉಳಿಯುತ್ತದೆ. ಆಡುವ ಮಕ್ಕಳಿಗೆ ಅದು ತಮಾಷೆ. ನಾಟಕದಲ್ಲಿ, ಸಿನಿಮಾದಲ್ಲಿ ಜನರನ್ನು ನಗಿಸಬೇಕಾದರೆ ಪಾತ್ರಧಾರಿ ಕಣ್ಣು ಮೆಳ್ಳೆ ಮಾಡುವುದನ್ನು ದೊಡ್ಡವರೇ ನೋಡಿ ನಕ್ಕಿಲ್ಲವೇ? ಮಕ್ಕಳು ಕಲಿತದ್ದು ನಮ್ಮಿಂದಲೇ.

ಮೇಷ್ಟ್ರುಗಳು ಬೇಸರ ಮಾಡಿಕೊಳ್ಳಬಾರದು, ಒಂದು ಮಾತು ಹೇಳಬೇಕು. ಪಕ್ಕದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐದನೆಯ ಕ್ಲಾಸಿನ ಹುಡುಗನೊಬ್ಬ ವಾರಕ್ಕೆ ಮೂರು ದಿನ ಶಾಲೆಗೆ ಹೋಗುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಹೊಟ್ಟೆನೋವು. ಹತ್ತು ಗಂಟೆ ಆದ ಮೇಲೆ ನೋವೂ ಇಲ್ಲ, ಏನೂ ಇಲ್ಲ, ದನ ಹೊಡೆದುಕೊಂಡು ಹೋಗುತ್ತಿದ್ದ. ಜಂತುಹುಳದ ಮಾತ್ರೆ ಆಯಿತು, ದೃಷ್ಟಿ ತೆಗೆದದ್ದಾಯಿತು, ದೇವಸ್ಥಾನದ ತಾಯತ ಆಯಿತು. ಕೊನೆಗೆ ಕಣ್ಣಿನ ಶಿಬಿರಕ್ಕೆ ಅವನ ಅಜ್ಜಿ ಕರೆದುಕೊಂಡು ಬಂದರು, ಅದೂ ಅಜ್ಜಿಯ ಪೊರೆ ತೋರಿಸಲಿಕ್ಕೆ. ನಮ್ಮಲ್ಲೊಬ್ಬರು ಹುಡುಗನನ್ನು ಬೇರೆ ಕೂರಿಸಿಕೊಂಡು ಮಾತಾಡಿಸಿದಾಗ ಅವನು ಹೇಳಿದ್ದು ಇಷ್ಟು: "ನಾನು ಮೇಷ್ಟ್ರನ್ನೇ ನೋಡ್ತಿರ್ತೀನಿ ಸಾರ್. ಅವರು, ಎಲ್ಲೋ ನೋಡ್ತಿದೀಯಾ ಅಂತ ಹೊಡೀತಾರೆ. ಎಲ್ರೂ ನಗ್ತಾರೆ."

ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಆ ಕಣ್ಣು ಕಿಟಕಿ ಕಡೆ ನೋಡುತ್ತಿರುವಂತೆ ಕಂಡಿದೆ, ಅಷ್ಟೆ. ಆದರೆ ಹುಡುಗನ ಪಾಡು ನೋಡಿ. ಗಮನ ಕೊಟ್ಟರೂ ಏಟು, ಕೊಡದಿದ್ದರೂ ಏಟು. ಅಂಥ ಜಾಗಕ್ಕೆ ಹೋಗುವುದಕ್ಕಿಂತ ಹೊಟ್ಟೆನೋವೇ ವಾಸಿ ಎಂದು ಹತ್ತು ವರ್ಷದ ಬುದ್ಧಿ ತೀರ್ಮಾನ ಮಾಡಿತು. ಅವನು ಸುಳ್ಳು ಹೇಳುತ್ತಿದ್ದ ಎಂದು ನಾವು ಒಪ್ಪುವುದಿಲ್ಲ. ಮನಸ್ಸಿಗೆ ಹೆದರಿಕೆ ಹೊಕ್ಕರೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ದೊಡ್ಡ ಲೆಕ್ಕಾಚಾರಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮೇಯೊ ಕ್ಲಿನಿಕ್ಕಿನವರು ಒಂದು ಜಿಲ್ಲೆಯಲ್ಲಿ ಮೆಳ್ಳೆಗಣ್ಣಿದ್ದ 407 ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ಅವರು ದೊಡ್ಡವರಾಗುವವರೆಗೂ ನೋಡಿದರು. ಅಷ್ಟೇ ಸಂಖ್ಯೆಯ, ಅದೇ ವಯಸ್ಸಿನ, ಕಣ್ಣು ನೇರವಿದ್ದ ಮಕ್ಕಳ ಜೊತೆ ತಾಳೆ ಹಾಕಿದರು. ಸುಮಾರು 17 ವರ್ಷದ ಹೊತ್ತಿಗೆ, ಮೆಳ್ಳೆಗಣ್ಣಿದ್ದವರಲ್ಲಿ ನೂರಕ್ಕೆ 41 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ವೈದ್ಯರು ಬರೆದಿದ್ದರು. ಇಲ್ಲದವರಲ್ಲಿ ಅದು ನೂರಕ್ಕೆ 31. ಕಣ್ಣು ಹೊರಕ್ಕೆ ಸರಿದವರಲ್ಲೇ ಈ ಅಂತರ ದೊಡ್ಡದಾಗಿತ್ತು. ಒಳಕ್ಕೆ ತಿರುಗಿದವರಲ್ಲಿ ಆ ಅಧ್ಯಯನದಲ್ಲಿ ಹೆಚ್ಚಳ ಕಾಣಲಿಲ್ಲ. ಅದು 2008ರ ಮಾತು. 2022ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ಇನ್ನೂ ದೊಡ್ಡ ಲೆಕ್ಕ ಹಾಕಿದರು. ವಿಮಾ ಕಂಪನಿಯ ದಾಖಲೆಯಲ್ಲಿದ್ದ ಒಂದು ಕೋಟಿ ಇಪ್ಪತ್ತು ಲಕ್ಷ ಮಕ್ಕಳು, ಅವರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮೆಳ್ಳೆಗಣ್ಣು. ಆತಂಕದ ಕಾಯಿಲೆ ಈ ಮಕ್ಕಳಲ್ಲಿ ಸುಮಾರು ಎರಡು ಪಟ್ಟು, ಖಿನ್ನತೆ ಒಂದೂವರೆ ಪಟ್ಟಿಗಿಂತ ಹೆಚ್ಚು ಕಂಡಿತು. ನಶೆಯ ಚಟದಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ.

ಈ ಅಂಕಿಗಳನ್ನು ಕೇಳಿ ಯಾರೂ ಗಾಬರಿ ಬೀಳಬಾರದು. ಇವು ಆ ದೇಶದ ಅಂಕಿಗಳು. ಅಲ್ಲಿ ವೈದ್ಯರ ಹತ್ತಿರ ಹೋಗುವವರೂ ಹೆಚ್ಚು, ಬರೆದಿಡುವುದೂ ಹೆಚ್ಚು. ಮೆಳ್ಳೆಗಣ್ಣಿದ್ದರೆ ಮನೋರೋಗ ಬಂದೇ ಬರುತ್ತದೆ ಎಂದು ಇದರ ಅರ್ಥ ಅಲ್ಲವೇ ಅಲ್ಲ. ಆ ಅಮೆರಿಕದ ಲೆಕ್ಕದಲ್ಲೇ ನೂರಕ್ಕೆ 59 ಜನ ಚೆನ್ನಾಗಿದ್ದಾರಲ್ಲ! ಕಣ್ಣು ಮೆಳ್ಳೆಯಾದದ್ದೇ ಕಾರಣವೋ, ಜನ ನಕ್ಕದ್ದು ಕಾರಣವೋ, ಕಣ್ಣನ್ನೂ ಮನಸ್ಸನ್ನೂ ನಡೆಸುವ ಮಿದುಳಿನೊಳಗೇ ಏನಾದರೂ ನಂಟಿದೆಯೋ, ಇದನ್ನು ಬರೀ ದಾಖಲೆ ನೋಡಿ ಬಿಡಿಸಿ ಹೇಳಲು ಆಗುವುದಿಲ್ಲ. ನಮಗೆ ಬೇಕಾದದ್ದು ಇಷ್ಟೆ: ಈ ಮಕ್ಕಳ ಕಣ್ಣು ನೋಡುವಾಗ ಮನಸ್ಸನ್ನೂ ಒಂದು ಸಲ ವಿಚಾರಿಸಬೇಕು.

ವಿಚಾರಿಸುವುದು ಹೇಗೆ? ಮಗು ಬಂದು "ನನಗೆ ಖಿನ್ನತೆ" ಎಂದು ಹೇಳುವುದಿಲ್ಲ. ಬೆಳಗಿನ ಹೊಟ್ಟೆನೋವು ಆಗಲೇ ಹೇಳಿದೆವು. ಫೋಟೋ ತೆಗೆಯುತ್ತಾರೆ ಎಂದರೆ ಎದ್ದು ಹೋಗುವುದು, ಕೂದಲನ್ನು ಒಂದು ಕಣ್ಣಿನ ಮೇಲೆ ಇಳಿಬಿಟ್ಟುಕೊಳ್ಳುವುದು, ನೆಂಟರು ಬಂದರೆ ಕೊಟ್ಟಿಗೆಗೆ ಹೋಗಿ ಕೂರುವುದು, ಅಂಗಡಿಗೆ ಕಳಿಸಿದರೆ ತಂಗಿಯನ್ನು ಕಳಿಸುವುದು, ಹಾಸಿಗೆಯಲ್ಲಿ ಮತ್ತೆ ಉಚ್ಚೆ ಹೊಯ್ಯಲು ಶುರುಮಾಡುವುದು, ಕಾರಣವಿಲ್ಲದೆ ತಮ್ಮನನ್ನು ಹೊಡೆಯುವುದು. ಹುಡುಗರು ಜಗಳಗಂಟರಾಗಬಹುದು, ಹುಡುಗಿಯರು ಮೌನವಾಗಬಹುದು. ಮಾತಾಡುವಾಗ ಮುಖ ನೋಡದ ಮಗುವನ್ನು "ಕಳ್ಳನೋಟ" ಎಂದು ಬೈಯುತ್ತಾರೆ. ಅದು ಕಳ್ಳತನ ಅಲ್ಲ, ಮುಖ ಎತ್ತಿದರೆ ಎದುರಿನವರು ತನ್ನ ಕಣ್ಣನ್ನೇ ನೋಡುತ್ತಾರೆ ಎಂಬ ಸಂಕೋಚ. ಇಂಥದ್ದು ಎರಡು ವಾರಕ್ಕಿಂತ ಹೆಚ್ಚು ನಡೆದರೆ, ಊಟ ನಿದ್ರೆ ಕೆಟ್ಟರೆ, "ನಾನು ಇರಬಾರದಿತ್ತು" ಎಂಬಂಥ ಮಾತು ಬಾಯಿಂದ ಬಂದರೆ, ಅದನ್ನು ಹುಡುಗಾಟ ಎಂದು ತಳ್ಳಿಹಾಕಬೇಡಿ. ಆ ಮಾತು ಬಂದ ದಿನವೇ ವೈದ್ಯರಿಗೆ ತೋರಿಸಿ, ಮಗುವನ್ನು ಒಂಟಿಯಾಗಿ ಬಿಡಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಕಟ. ಹುಟ್ಟಿದಾಗಿನಿಂದ ಸುಮ್ಮನಿದ್ದವರು ಗಂಡು ನೋಡಲು ಶುರುಮಾಡಿದಾಗ ಓಡಿ ಬರುತ್ತಾರೆ. "ಮುಂದಿನ ತಿಂಗಳು ಹೆಣ್ಣು ನೋಡೋಕೆ ಬರ್ತಾರೆ, ಅಷ್ಟರೊಳಗೆ ನೆಟ್ಟಗೆ ಮಾಡಿಕೊಡಿ ಡಾಕ್ಟ್ರೇ" ಎನ್ನುತ್ತಾರೆ. ನೆಟ್ಟಗೆ ಮಾಡಬಹುದು, ದೊಡ್ಡವರಾದ ಮೇಲೂ ಶಸ್ತ್ರಚಿಕಿತ್ಸೆ ಆಗುತ್ತದೆ. ಅದು ಬರೀ ಚೆಂದಕ್ಕೆ ಎಂದು ಮೂಗು ಮುರಿಯುವವರ ಮಾತು ಕೇಳಬೇಡಿ. ಆದರೆ ಹದಿನೈದು ವರ್ಷ ಆ ಹುಡುಗಿ ತಲೆ ತಗ್ಗಿಸಿ ನಡೆದದ್ದನ್ನು, ಮಂದವಾಗಿ ಹೋದ ಕಣ್ಣನ್ನು, ನಾವು ಆಪರೇಷನ್ ಟೇಬಲ್ಲಿನ ಮೇಲೆ ವಾಪಸು ಕೊಡಲಾರೆವು. ಗಂಡಿನವರಿಗಾಗಿ ಮಾಡಿಸುವುದನ್ನು ಅವಳಿಗಾಗಿ ಮೊದಲೇ ಮಾಡಿಸಬಾರದಿತ್ತೇ ಎಂದು ಕೇಳಿದರೆ ತಂದೆಯವರು ಟವಲ್ಲು ಸರಿಮಾಡಿಕೊಳ್ಳುತ್ತಾರೆ.

ಚಿಕಿತ್ಸೆ ಏನು ಎಂದು ಚಿಕ್ಕದಾಗಿ ಹೇಳುತ್ತೇವೆ. ಕೆಲವು ಮಕ್ಕಳಿಗೆ ಕನ್ನಡಕ ಹಾಕಿದರೇ ಕಣ್ಣು ನೇರವಾಗುತ್ತದೆ, ಕತ್ತರಿಯೇ ಬೇಡ. ಸೋಮಾರಿ ಕಣ್ಣಿಗೆ, ಚೆನ್ನಾಗಿರುವ ಕಣ್ಣಿನ ಮೇಲೆ ದಿನಕ್ಕೆ ಇಷ್ಟು ಗಂಟೆ ಎಂದು ಪಟ್ಟಿ ಕಟ್ಟುತ್ತಾರೆ. ಆಗ ಸೋಮಾರಿ ಕಣ್ಣು ದುಡಿಯಲೇಬೇಕಾಗುತ್ತದೆ. ಮಧ್ಯಮ ಪ್ರಮಾಣದ ದೋಷ ಇರುವ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಕಟ್ಟಿದರೂ ಆರು ಗಂಟೆ ಕಟ್ಟಿದಷ್ಟೇ ಗುಣ ಎಂದು 2003ರಲ್ಲಿ ಗೊತ್ತಾಯಿತು. ಇದು ಮನಸ್ಸಿನ ದೃಷ್ಟಿಯಿಂದ ದೊಡ್ಡ ಸಂಗತಿ. ಯಾಕೆಂದರೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರೆ ಅದೇ ಇನ್ನೊಂದು ಅಡ್ಡಹೆಸರಿಗೆ ದಾರಿ. ವೈದ್ಯರು ಎರಡೇ ಗಂಟೆ ಹೇಳಿದ್ದರೆ ಸಂಜೆ ಮನೆಯಲ್ಲೇ ಮುಗಿಸಬಹುದು. ಏಳು ವರ್ಷದೊಳಗೆ ಶುರುಮಾಡಿದರೆ ಉತ್ತಮ. ಹಾಗೆಂದು ಎಂಟಾಯಿತು, ಹತ್ತಾಯಿತು, ಇನ್ನೇನು ಎಂದು ಕೈಚೆಲ್ಲಬೇಡಿ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದ 7ರಿಂದ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ದೃಷ್ಟಿ ಸುಧಾರಿಸಿತ್ತು.

ಶಸ್ತ್ರಚಿಕಿತ್ಸೆ ಎಂದರೆ ಕಣ್ಣು ಕಿತ್ತು ಹೊರಗಿಟ್ಟು ಮತ್ತೆ ಕೂರಿಸುತ್ತಾರೆ ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ. ಕಣ್ಣುಗುಡ್ಡೆ ಇದ್ದ ಜಾಗದಲ್ಲೇ ಇರುತ್ತದೆ. ಮೇಲಿನ ಸ್ನಾಯುವನ್ನು ಸಡಿಲ ಮಾಡಿಯೋ ಬಿಗಿ ಮಾಡಿಯೋ ಹೊಲಿಯುತ್ತಾರೆ. ಎತ್ತಿನಗಾಡಿಯ ಹಗ್ಗ ಸರಿಮಾಡಿದ ಹಾಗೆ ಅಂದುಕೊಳ್ಳಿ. ಮಕ್ಕಳಿಗೆ ಪೂರ್ತಿ ಮತ್ತು ಕೊಟ್ಟು ಮಾಡುತ್ತಾರೆ. ಕೆಲವು ವಾರ ಕಣ್ಣು ಕೆಂಪಾಗಿರುತ್ತದೆ. ಕೆಲವರಿಗೆ ಎರಡನೆಯ ಸಲ ಬೇಕಾಗಬಹುದು, ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಬೇಜಾರಿಲ್ಲ. ಆಪರೇಷನ್ ಆದ ಮೇಲೂ ಕನ್ನಡಕ, ಪಟ್ಟಿ ಬಿಡಬಾರದು. ಕಣ್ಣು ನೇರವಾದ ಮೇಲೆ ಮಕ್ಕಳ ಹಿಂಜರಿಕೆ ಕಡಿಮೆಯಾಗುವುದನ್ನು ಅಧ್ಯಯನಗಳೂ ಹೇಳುತ್ತವೆ, ನಾವೂ ನೋಡಿದ್ದೇವೆ. ಆದರೆ ಮುಖ ಎತ್ತುವ ಅಭ್ಯಾಸವೇ ತಪ್ಪಿದ ಮಗುವಿಗೆ ಅದು ಮತ್ತೆ ಬರಲು ಕೆಲವು ತಿಂಗಳು ಬೇಕು. ಬ್ಯಾಂಡೇಜ್ ಬಿಚ್ಚಿದ ಕೂಡಲೇ "ಈಗ ಸರಿಹೋಯ್ತಲ್ಲ, ಇನ್ನೇನು ನಿಂದು?" ಎಂದು ಗದರಬೇಡಿ.

ಮನೆಯಲ್ಲಿ ನೀವೇ ನೋಡುವುದು ಹೇಗೆ? ದಿನವೂ ಬೆಳಗ್ಗೆ ಸಂಜೆ ಡೇರಿಗೆ ಹಾಕುವ ಹಾಲಿಗೆ ಡಿಗ್ರಿ ನೋಡುತ್ತೀರಿ, ಫ್ಯಾಟ್ ನೋಡುತ್ತೀರಿ, ಒಂದು ಪಾಯಿಂಟ್ ಕಡಿಮೆ ಬಂದರೆ ಕಾರ್ಯದರ್ಶಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತೀರಿ. ಅದರಲ್ಲಿ ಒಂದು ನಿಮಿಷ ಮಕ್ಕಳ ಕಣ್ಣಿಗೆ ಕೊಡಿ. ಎರಡು ಅಡಿ ದೂರದಿಂದ ಮಂಕು ಬೆಳಕಿನ ಸಣ್ಣ ಟಾರ್ಚ್ ಹಿಡಿಯಿರಿ, ಮಗು ಬೆಳಕನ್ನೇ ನೋಡಲಿ. ಎರಡೂ ಪಾಪೆಗಳಲ್ಲಿ ಬೆಳಕಿನ ಚುಕ್ಕೆ ಒಂದೇ ಜಾಗದಲ್ಲಿ ಮಿಂಚಬೇಕು. ಒಂದರಲ್ಲಿ ನಡುವೆ, ಇನ್ನೊಂದರಲ್ಲಿ ಅಂಚಿನಲ್ಲಿ ಇದ್ದರೆ ತೋರಿಸಬೇಕು. ಕೈಯಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದ ಮಗು ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ರಂಪ ಮಾಡಿದರೆ, ಮುಚ್ಚದೆ ಬಿಟ್ಟ ಕಣ್ಣಿನಲ್ಲಿ ದೃಷ್ಟಿ ಕಡಿಮೆ ಇರಬಹುದು. ಎಳೆಕೂಸಿನ ಕಣ್ಣು ಮೊದಲ ಮೂರು ನಾಲ್ಕು ತಿಂಗಳು ಆಗೊಮ್ಮೆ ಈಗೊಮ್ಮೆ ತೇಲುವುದು ಸಹಜ. ಆಮೇಲೂ ತಿರುಗಿದರೆ ಸಹಜವಲ್ಲ. ಮೂಗಿನ ಬುಡ ಅಗಲವಾಗಿದ್ದು ಮೆಳ್ಳೆಯಂತೆ ಕಾಣುವ ಮಕ್ಕಳೂ ಇದ್ದಾರೆ, ಅದನ್ನು ವೈದ್ಯರೇ ಹೇಳಲಿ. ಒಂದು ಎಚ್ಚರಿಕೆ: ಪಾಪೆಯೊಳಗೆ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು. ಅದು ಕಣ್ಣಿನೊಳಗಿನ ಗಡ್ಡೆ ಇರಬಹುದು, ಪ್ರಾಣಕ್ಕೇ ಅಪಾಯ.

ಎಲ್ಲಿಗೆ ಹೋಗಬೇಕು, ಖರ್ಚು ಎಷ್ಟು ಎನ್ನುವುದು ಮುಂದಿನ ಪ್ರಶ್ನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ವೈದ್ಯರ ತಂಡ ಬರಬೇಕು. ದೃಷ್ಟಿದೋಷ ಅವರು ನೋಡಬೇಕಾದ ಪಟ್ಟಿಯಲ್ಲಿದೆ, ಹದಿನೆಂಟು ವರ್ಷದವರೆಗೆ ಮುಂದಿನ ಚಿಕಿತ್ಸೆಯೂ ಉಚಿತ. ಅವರು ಬಂದ ದಿನ ಮಗುವನ್ನು ಹೊಲಕ್ಕೆ ಕಳಿಸಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ, ಬೆಂಗಳೂರಿನಲ್ಲಿ ಸರ್ಕಾರದ ಮಿಂಟೊ ಆಸ್ಪತ್ರೆ ಇದೆ. ನಿಮ್ಮದು ಸಹಕಾರ ಸಂಘ ಆದ್ದರಿಂದ ಯಶಸ್ವಿನಿಯನ್ನು ಮರೆಯುವಂತಿಲ್ಲ. ಸಹಕಾರಿ ರೈತರಿಗೆಂದೇ 2003ರಲ್ಲಿ ಜಾರಿಗೆ ಬಂದ ಯೋಜನೆ, 2018ರಲ್ಲಿ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಕಾರ್ಡು ಮಾಡಿಸಿದವರು ಆಸ್ಪತ್ರೆಗೆ ಸೇರುವ ಮುಂಚೆಯೇ ಯಾವುದಕ್ಕೆ ಸೌಲಭ್ಯ ಇದೆ ಎಂದು ಕೇಳಿ ತಿಳಿದುಕೊಳ್ಳಿ.

ಮನಸ್ಸಿನ ವೈದ್ಯರು ಎಂದರೆ ಜನ ಈಗಲೂ ಬೆಚ್ಚುತ್ತಾರೆ. "ನಮ್ಮ ಹುಡುಗನಿಗೇನು ಹುಚ್ಚೇ?" ಎನ್ನುತ್ತಾರೆ. ಹಳ್ಳಿಗಳಲ್ಲೇ ಈ ಚಿಕಿತ್ಸೆ ಕೊಡಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ. ತಾಯಿಯೂ ಮಾಡಬಹುದು, ಮೇಷ್ಟ್ರೂ ಮಾಡಬಹುದು.

ಆ ಐದನೆಯ ಕ್ಲಾಸಿನ ಹುಡುಗನ ವಿಷಯ ಕೇಳುತ್ತೀರೇನೋ. ಅವನಿಗೆ ಕನ್ನಡಕ ಆಯಿತು, ಆಮೇಲೆ ಶಸ್ತ್ರಚಿಕಿತ್ಸೆಯೂ ಆಯಿತು. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ನಡೆಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿ ಅವನನ್ನು ಮುಂದಿನ ಬೆಂಚಿಗೆ ಕರೆಸಿ ಕೂರಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲ ಮಕ್ಕಳಿಗೂ ಕಣ್ಣಿನ ಸ್ನಾಯುಗಳ ಚಿತ್ರ ಬರೆದು ವಿವರಿಸಿದರು, ಅವನ ಹೆಸರು ಎತ್ತದೆ. ಇನ್ನು ಮೇಲೆ ಅಡ್ಡಹೆಸರು ಕೂಗಿದವರು ಒಂದು ವಾರ ಕಸ ಗುಡಿಸಬೇಕು ಎಂದರು. ಮೊದಲ ವಾರ ಮೂರು ಜನ ಗುಡಿಸಿದರಂತೆ, ಆಮೇಲೆ ಶಾಲೆಯ ಅಂಗಳಕ್ಕೆ ಕಸ ಗುಡಿಸುವವರೇ ಸಿಗಲಿಲ್ಲವಂತೆ. ಹುಡುಗನ ಹೊಟ್ಟೆನೋವು ಆಪರೇಷನ್ನಿಗೂ ಮುಂಚೆಯೇ ನಿಂತಿತ್ತು.

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ" ಎಂಬ ಗಾದೆ ಹೇಳಿ ಸಮಾಧಾನ ಮಾಡುವ ಹಿರಿಯರು ಇಲ್ಲಿಯೂ ಇರಬಹುದು. ಗಾದೆ ದೊಡ್ಡವರ ಸಮಾಧಾನಕ್ಕೆ ಸರಿ, ಏಳು ವರ್ಷದ ಮಗುವಿಗೆ ಅದು ಸಮಾಧಾನ ಅಲ್ಲ. ಚಿಕಿತ್ಸೆ ಇರುವಾಗ ಯಾರಿಗೂ ಅಲ್ಲ.

ಊಟಕ್ಕೆ ಕರೆಯುತ್ತಿದ್ದಾರೆ, ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು. ಊಟ ಮುಗಿದ ಮೇಲೆ ನಾವು ಶಾಲೆಯ ಎರಡನೆಯ ಕೊಠಡಿಯಲ್ಲಿ ಸಂಜೆ ಐದರವರೆಗೆ ಇರುತ್ತೇವೆ. ಹಾಲು ಹಾಕುವ ಹೊತ್ತಿಗೆ ಬಿಟ್ಟುಬಿಡುತ್ತೇವೆ, ಚಿಂತೆ ಬೇಡ. ಆರು ವರ್ಷದೊಳಗಿನ ಮಕ್ಕಳನ್ನು ಮೊದಲು ಕರೆತನ್ನಿ. ಕಣ್ಣು ನೇರವಾಗಿ ಕಂಡರೂ ಕರೆತನ್ನಿ. ಮಗುವಿನ ಮುಂದೆ ಹೇಳಲು ಮುಜುಗರವಾಗುವ ಮಾತೇನಾದರೂ ಇದ್ದರೆ, ಮಗುವನ್ನು ಹೊರಗೆ ಆಡಲು ಬಿಟ್ಟು ಬನ್ನಿ, ಬಾಗಿಲು ಮುಂದೆ ಮಾಡಿಕೊಂಡು ಮಾತಾಡೋಣ.